‘ಇಳಿ’ ಮತ್ತು ‘ಇಳಿ ಅಂದಳು’: ಬ್ರೌಸರ್‌ಗಳು ಕಲಿತ ವ್ಯಾಕರಣ

‘ಕಿಂಗ್ಸ್ ಸರ್ಕಲ್‌ನಲ್ಲಿ ಇಳಿ’ ಎಂದರೆ ಅದು ಅಪ್ಪಣೆ. ‘ಕಿಂಗ್ಸ್ ಸರ್ಕಲ್‌ನಲ್ಲಿ ಇಳಿ ಅಂದಳು’ ಎಂದರೆ ಬರೀ ವರದಿ. ಅದನ್ನು ಕೇಳಿ ಯಾರೂ ಸೀಟು ಬಿಟ್ಟು ಏಳುವುದಿಲ್ಲ. ಕನ್ನಡದಲ್ಲಿ ‘ಅಂತ’, ‘ಎಂದು’, ‘ಅಂದಳು’ ಎಂಬ ಸಣ್ಣ ಪದಗಳು ಈ ಗಡಿಯನ್ನು ಕಾಯುತ್ತವೆ. ಪುಟದೊಳಗೆ ಹೊಸದಾಗಿ ಬಂದು ಸೇರಿದ ಅಕ್ಷರಗಳನ್ನು ಓದಬೇಕೋ, ಪಾಲಿಸಬೇಕೋ ಎಂಬ ಇದೇ ಗಡಿಯನ್ನು ಎಳೆಯಲು ವೆಬ್ ಬ್ರೌಸರ್‌ಗಳಿಗೆ ಸುಮಾರು ಹದಿನೈದು ವರ್ಷ ಹಿಡಿಯಿತು. ಮಾಟುಂಗದಲ್ಲಿ ಕೂತು ಅನುವಾದ ಮಾಡುವ ನನಗೂ ಅದರಿಂದ ಆಗಬೇಕಾದದ್ದಿದೆ.

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಒಂದು ಭಾಷೆಯ ಮೊದಲ ರೂಪವನ್ನು ಸಿದ್ಧಮಾಡಿದರು. ಅದೇ ಮುಂದೆ ಜಾವಾಸ್ಕ್ರಿಪ್ಟ್ ಎನಿಸಿಕೊಂಡಿತು. ಬ್ರೌಸರ್ ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಬರುತ್ತದೆ. ನಡುವೆ ಸ್ಕ್ರಿಪ್ಟ್ ಟ್ಯಾಗ್ ಸಿಕ್ಕರೆ ಓದು ನಿಲ್ಲಿಸಿ, ಅದನ್ನು ನಡೆಸಿ, ಆಮೇಲೆ ಮುಂದುವರಿಯುತ್ತದೆ. ನಿಲ್ಲಲೇಬೇಕಾದ ಕಾರಣ ‘ಡಾಕ್ಯುಮೆಂಟ್.ರೈಟ್’ ಎಂಬ ಆದೇಶ. ಅದು ನಿಂತ ಜಾಗದಲ್ಲೇ ಹೊಸ ಅಕ್ಷರಗಳನ್ನು ತುರುಕುತ್ತದೆ. ಓದುತ್ತಿರುವ ಓಲೆಗಟ್ಟಿನ ನಡುವೆ ಯಾರೋ ಹೊಸ ಗರಿ ಸೇರಿಸಿದ ಹಾಗೆ. ಮುಂದಿನ ಸಾಲು ಏನೆಂದು ಸ್ಕ್ರಿಪ್ಟ್ ಮುಗಿಯುವವರೆಗೆ ಖಚಿತವಿಲ್ಲ. ಈ ಕಾಯುವಿಕೆ ನಿಧಾನದ ಸಂಪರ್ಕದಲ್ಲಿ ಎಷ್ಟು ದುಬಾರಿಯೆಂದರೆ, 2016ರಲ್ಲಿ ಕ್ರೋಮ್ 55ನೇ ಆವೃತ್ತಿಯಿಂದ 2ಜಿ ಬಳಕೆದಾರರಿಗೆ ಹೀಗೆ ತುರುಕಲಾದ ಪರತಾಣಗಳ ಸ್ಕ್ರಿಪ್ಟ್‌ಗಳನ್ನು ತಡೆಯತೊಡಗಿತು.

1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಇನ್ನೊಂದು ದಾರಿ ತೆರೆಯಿತು: ‘ಇನ್ನರ್‌ಎಚ್‌ಟಿಎಂಎಲ್’. ಪುಟ ಸಿದ್ಧವಾದ ಮೇಲೂ ಅದರ ಯಾವುದೇ ಭಾಗದೊಳಗೆ ಒಂದು ಪಠ್ಯವನ್ನು ಸುರಿಯಬಹುದು. ಆ ಪಠ್ಯದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಇದ್ದರೆ ಅದು ಪುಟದಲ್ಲಿ ಸೇರುತ್ತದೆ, ಆದರೆ ನಡೆಯುವುದಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ‘ಡಿಫರ್’ ಎಂಬ ಪದ ಸೇರಿಸಿ ಅದನ್ನು ನಡೆಸಲು ಸಾಧ್ಯವಿತ್ತು. ಬಹುಕಾಲ ಇದಕ್ಕೆ ಲಿಖಿತ ನಿಯಮವಿರಲಿಲ್ಲ. ಕೊನೆಗೆ ಎಚ್‌ಟಿಎಂಎಲ್5 ಅದನ್ನು ಬರೆದಿಟ್ಟಿತು: ಪ್ರತಿ ಸ್ಕ್ರಿಪ್ಟಿಗೂ ‘ಈಗಾಗಲೇ ಶುರುವಾಗಿದೆ’ ಎಂಬ ಒಂದು ಗುರುತು ಇರುತ್ತದೆ, ಇನ್ನರ್‌ಎಚ್‌ಟಿಎಂಎಲ್ ಮೂಲಕ ಬಂದದ್ದಕ್ಕೆ ಆ ಗುರುತು ಹುಟ್ಟುವಾಗಲೇ ಬೀಳುತ್ತದೆ. ಅದೇ ಅದರ ‘ಅಂತ’. ಬದಲಿಗೆ, ಸ್ಕ್ರಿಪ್ಟ್ ಅಂಶವನ್ನೇ ಹೊಸದಾಗಿ ಸೃಷ್ಟಿಸಿ ಸೇರಿಸಿದರೆ ಅದು ನಡೆಯುತ್ತದೆ, ಏಕೆಂದರೆ ಅದು ಬೇಕೆಂದೇ ಕೊಟ್ಟ ಅಪ್ಪಣೆ.

ಅಪ್ಪಣೆಗಳ ಸರದಿ ಬೇರೆ ತಕರಾರು. ಹೀಗೆ ಎರಡು ಸ್ಕ್ರಿಪ್ಟ್ ಸೇರಿಸಿದರೆ ಫೈರ್‌ಫಾಕ್ಸ್ ಮತ್ತು ಒಪೆರಾ ಸೇರಿಸಿದ ಕ್ರಮದಲ್ಲಿ ನಡೆಸುತ್ತಿದ್ದವು. ಎಕ್ಸ್‌ಪ್ಲೋರರ್ ಮತ್ತು ವೆಬ್‌ಕಿಟ್ ಮೊದಲು ಬಂದದ್ದನ್ನು ಮೊದಲು. 2010ರಲ್ಲಿ ಫೈರ್‌ಫಾಕ್ಸ್‌ನ ಹೊಸ ಪಾರ್ಸರ್ ಬರೆದ ಹೆನ್ರಿ ಸಿವೊನೆನ್ ಕರಡು ನಿಯಮದಂತೆ ಎರಡನೆಯ ಕ್ರಮಕ್ಕೆ ಬದಲಾಯಿಸಿದಾಗ, ಒಂದರ ಮೇಲೊಂದು ನಿಂತ ಸ್ಕ್ರಿಪ್ಟ್‌ಗಳು ಮುರಿಯುತ್ತವೆ ಎಂದು ಲ್ಯಾಬ್‌ಜೆಎಸ್ ರೂಪಿಸಿದ ಕೈಲ್ ಸಿಂಪ್ಸನ್ ಆಕ್ಷೇಪಿಸಿದರು. ರಾಜಿಯೂ ಆಯಿತು: ಏನೂ ಹೇಳದಿದ್ದರೆ ಬಂದ ಕ್ರಮ, ‘ಅಸಿಂಕ್’ ಬೇಡ ಎಂದು ಸ್ಪಷ್ಟವಾಗಿ ಹೇಳಿದರೆ ಸೇರಿಸಿದ ಕ್ರಮ. 2011ರ ಮಾರ್ಚಿನ ಫೈರ್‌ಫಾಕ್ಸ್ 4ರಲ್ಲಿ ಅದು ಜಾರಿಗೆ ಬಂತು.

ಕನ್ನಡ ಟೈಪಿಸುವವರಿಗೂ ಈ ಹೊತ್ತುಗೊತ್ತಿನ ಲೆಕ್ಕ ತಾಗುತ್ತದೆ. 2013ರಲ್ಲಿ ವಿಕಿಪೀಡಿಯಗಳಿಗೆ ಬಂದ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಮೂಡಿಸುತ್ತದೆ. ಸ್ಕ್ರಿಪ್ಟ್ ನಡೆಯುವಾಗ ಇನ್ನೂ ಹುಟ್ಟದ, ಆಮೇಲೆ ಪುಟಕ್ಕೆ ಬಂದು ಸೇರುವ ಪೆಟ್ಟಿಗೆಗಳಲ್ಲಿ ಅದು ಹೇಗೆ ಕೆಲಸ ಮಾಡಬೇಕು? ಅದು ಪೆಟ್ಟಿಗೆಗಳನ್ನು ಮೊದಲೇ ಎಣಿಸಿಕೊಳ್ಳಲು ಹೋಗುವುದಿಲ್ಲ. ಪುಟದ ಮಟ್ಟದಲ್ಲಿ ಕಾದಿದ್ದು, ಯಾವ ಪೆಟ್ಟಿಗೆಗೆ ಕರ್ಸರ್ ಹೋಗುತ್ತದೋ ಆಗ ಅದಕ್ಕೆ ಅಂಟಿಕೊಳ್ಳುತ್ತದೆ.

ಆದರೆ ಸ್ಕ್ರಿಪ್ಟ್ ಟ್ಯಾಗಿಗೆ ಬೀಳುವ ಗುರುತು ಸಾಲದು. ಇನ್ನರ್‌ಎಚ್‌ಟಿಎಂಎಲ್‌ನಲ್ಲಿ ಮುರಿದ ಚಿತ್ರವೊಂದನ್ನು ಇಟ್ಟು, ‘ಚಿತ್ರ ಸಿಗದಿದ್ದರೆ ಇದನ್ನು ಮಾಡು’ ಎಂದು ಅದರ ಜೊತೆಗೆ ಬರೆದರೆ, ಆ ‘ಇದು’ ನಡೆದೇಬಿಡುತ್ತದೆ. ಟ್ಯಾಗ್ ಒಂದನ್ನೇ ತಡೆದರೆ ಏನಾಗುತ್ತದೆಂದು 2005ರ ಅಕ್ಟೋಬರ್‌ನಲ್ಲೇ ಗೊತ್ತಾಗಿತ್ತು. ಮೈಸ್ಪೇಸ್ ತಾಣ ಸ್ಕ್ರಿಪ್ಟ್ ಟ್ಯಾಗ್‌ಗಳನ್ನು ಸೋಸುತ್ತಿತ್ತು. ಸ್ಯಾಮಿ ಕಾಮ್ಕಾರ್ ತಮ್ಮ ಪ್ರೊಫೈಲ್‌ನ ಅಲಂಕಾರದ ಸಾಲಿನೊಳಗೆ ಆದೇಶ ಅಡಗಿಸಿದರು. ಒಂದೇ ದಿನದೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರೊಫೈಲ್‌ಗಳಿಗೆ ಅದು ಹರಡಿತು.

ಅನುವಾದಕರ ಪಾಲು ಇರುವುದು ಇಲ್ಲಿ. ತಾಣವೊಂದರ ಗುಂಡಿ, ಸೂಚನೆ, ಎಚ್ಚರಿಕೆಗಳನ್ನು ನಾವು ಕನ್ನಡಿಸುತ್ತೇವೆ. ಆ ಸಾಲುಗಳು ಲಾಗಿನ್ ಆಗಿ ಕೂತ ಓದುಗರ ಪುಟದೊಳಗೆ ಹೋಗುತ್ತವೆ. ಅವನ್ನು ಹಾಗೆಯೇ ಇನ್ನರ್‌ಎಚ್‌ಟಿಎಂಎಲ್‌ಗೆ ಸುರಿದರೆ, ಅನುವಾದದ ಕಡತಕ್ಕೆ ಕೈಹಾಕಬಲ್ಲ ಯಾರೇ ಆದರೂ ಓದುಗರ ಖಾತೆಯಲ್ಲಿ ಆದೇಶ ಕೊಡಬಹುದು. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಯಲ್ಲಿ ಇದಕ್ಕಾಗಿಯೇ ಸಂದೇಶವನ್ನು ತೋರಿಸುವ ವಿಧಗಳು ಬೇರೆಬೇರೆ ಇವೆ. ‘ಎಸ್ಕೇಪ್’ ಮಾಡಿದಾಗ ಕೋನಾಕಾರದ ಆವರಣ ಚಿಹ್ನೆಗಳು ಬರೀ ಅಕ್ಷರಗಳಾಗಿ ಕಾಣುತ್ತವೆ, ಆದೇಶಗಳಾಗುವುದಿಲ್ಲ.

ಹೀಗಾಗಿ ಅನುವಾದಕ್ಕೆ ಬಂದ ಸಾಲಿನಲ್ಲಿ ಆ ಚಿಹ್ನೆಗಳು ಕಂಡರೆ, ಈ ಸಾಲು ಪುಟಕ್ಕೆ ಹೇಗೆ ಸೇರುತ್ತದೆ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಸಾಲನ್ನು ಯಾರ ಬಾಯಿಗೆ ಹಾಕುತ್ತಿದ್ದೇವೆ ಎಂದು ತಿಳಿಯುವುದು ಅನುವಾದದ್ದೇ ಕೆಲಸ.