ಡೆನ್ಮಾರ್ಕಿನ ಸ್ಕಿಲ್ಲಿಂಗ್ ನಾಣ್ಯ: 48ರಿಂದ 96ಕ್ಕೆ

ಕ್ರಿ. ಶ. 16ನೆಯ ಶತಮಾನದಲ್ಲಿ ಡೆನ್ಮಾರ್ಕ್-ನಾರ್ವೆ ರಾಜ್ಯದೊಳಗೆ ಎರಡು ತೆರನಾದ ಬೆಳ್ಳಿಯ ನಾಣ್ಯಗಳು ಚಲಾವಣೆಯಲ್ಲಿದ್ದುವು. ಒಂದು, ಪರದೇಶದ ವರ್ತಕರೂ ತೂಗಿ ಒಪ್ಪುತ್ತಿದ್ದ ದೊಡ್ಡ ಡಾಲರ್. ಇನ್ನೊಂದು, ಸಂತೆಯ ವ್ಯವಹಾರಕ್ಕೆ ಒದಗುತ್ತಿದ್ದ ಸ್ಕಿಲ್ಲಿಂಗ್ ಎಂಬ ಚಿಲ್ಲರೆ. 16 ಸ್ಕಿಲ್ಲಿಂಗಿಗೆ ಒಂದು ಮಾರ್ಕ್ ಎಂಬ ಲೆಕ್ಕ ಬದಲಾಗಲಿಲ್ಲ. ಡಾಲರಿಗೆ ಎಷ್ಟು ಮಾರ್ಕ್ ಎಂಬುದು ಮಾತ್ರ ಏರುತ್ತ ಹೋಯಿತು. ಆ ಶತಮಾನದ ನಡುವೆ ಮೂರು, ಅದರ ಕೊನೆಯ ವೇಳೆಗೆ ನಾಲ್ಕು, 1625ರಲ್ಲಿ ಆರು. ಎಂದರೆ 48, 64, 96 ಸ್ಕಿಲ್ಲಿಂಗ್. ಅರಸರ ಯುದ್ಧಗಳ ವೆಚ್ಚವನ್ನು ಹೊತ್ತವರಾರು ಎಂಬ ಪ್ರಶ್ನೆಗೆ ಈ ಅಂಕೆಗಳು ಬಹುಮಟ್ಟಿಗೆ ಉತ್ತರ ಕೊಡುತ್ತವೆ.

ಚಿಲ್ಲರೆಯಲ್ಲಿ ತಾಮ್ರವನ್ನು ಬೆರೆಸಿದುದೆಲ್ಲವೂ ವಂಚನೆಯಲ್ಲ. ಒಂದು ಡಾಲರನ್ನು ಅಚ್ಚು ಹಾಕುವುದಕ್ಕಿಂತ ಅದೇ ಬೆಲೆಯ ಹತ್ತಾರು ಸಣ್ಣ ಬಿಲ್ಲೆಗಳನ್ನು ಅಚ್ಚು ಹಾಕಲು ಶ್ರಮ ಹೆಚ್ಚು. ಆ ಕೂಲಿಯನ್ನು ಬೆಳ್ಳಿಯಲ್ಲಿಯೇ ಉಳಿಸಬೇಕಾಗುತ್ತಿತ್ತು. ಅದೂ ಅಲ್ಲದೆ, ಶುದ್ಧ ಬೆಳ್ಳಿಯ ಬಿಲ್ಲೆಯು ಕೈಗೆ ಸಿಕ್ಕದಷ್ಟು ಚಿಕ್ಕದಾಗುತ್ತಿತ್ತು. ಮಿಶ್ರಲೋಹದ ಬಿಲ್ಲೆಗಳನ್ನು ಹುಳಿದ್ರಾವಣದಲ್ಲಿ ಕುದಿಸಿದರೆ ಮೇಲ್ಪದರದ ತಾಮ್ರ ಕರಗಿ ಬಿಳುಪು ಮೂಡುತ್ತದೆ. ಕೈಯಿಂದ ಕೈಗೆ ಸಾಗಿ ಸವೆದಂತೆಲ್ಲ, ಉಬ್ಬಿದ ಭಾಗಗಳಲ್ಲಿ ಮೊದಲು, ಕೆಂಪು ಬಣ್ಣ ಹೊರಬೀಳುತ್ತದೆ. ನಾಣ್ಯದ ಬಡತನವನ್ನು ಅರಿಯಲು ಜನರಿಗೆ ಒರೆಗಲ್ಲು ಬೇಕಾಗಿರಲಿಲ್ಲ.

ಸ್ವೀಡನ್ನಿನೊಡನೆ 1563ರಿಂದ 1570ರವರೆಗೆ ನಡೆದ ಯುದ್ಧದಲ್ಲಿ ಎರಡನೆಯ ಫ್ರೆಡರಿಕನು ಕ್ಲಿಪ್ಪಿಂಗ್ ಎಂಬ ಚೌಕ ನಾಣ್ಯಗಳನ್ನು ಹೊರಡಿಸಿದನು. ತಗಡನ್ನು ಕತ್ತರಿಯಿಂದ ತುಂಡರಿಸಿ ಮುದ್ರೆಯೊತ್ತಿದರೆ ಮುಗಿಯಿತು. ದುಂಡಗೆ ಮಾಡುವ ಕೆಲಸವಿಲ್ಲ. ಅವಸರದ ಹಣಕ್ಕೆ ಇದಕ್ಕಿಂತ ಒಪ್ಪುವ ಆಕಾರ ಬೇರೊಂದಿಲ್ಲ!

ಆದರೆ ಪ್ರತಿಯೊಂದು ಕುಸಿತಕ್ಕೂ ಯುದ್ಧವೇ ಕಾರಣವೆಂಬ ನಿರ್ಣಯ ಪೂರ್ಣವಾಗಿ ನಿಲ್ಲದು. ನಾಲ್ಕನೆಯ ಕ್ರಿಶ್ಚಿಯನನು ಕಾಲ್ಮಾರ್ ಯುದ್ಧದಲ್ಲಿ (1611–1613) ಗೆದ್ದು, ಸ್ವೀಡನ್ನಿನಿಂದ ಹತ್ತು ಲಕ್ಷ ರಿಗ್ಸ್‌ಡಾಲರುಗಳ ಪರಿಹಾರವನ್ನು 1619ರ ವೇಳೆಗೆ ಪಡೆದುಕೊಂಡನು. ಬೊಕ್ಕಸ ತುಂಬಿದ ಆ ವರ್ಷಗಳಲ್ಲಿಯೇ ಸ್ಕಿಲ್ಲಿಂಗ್ ಇಳಿಯುತ್ತಿತ್ತು. ಪಕ್ಕದ ಜರ್ಮನ್ ಸಂಸ್ಥಾನಗಳ ಟಂಕಸಾಲೆಗಳು 1623ರವರೆಗೂ ಪೈಪೋಟಿಯಿಂದ ಹೀನ ನಾಣ್ಯಗಳನ್ನು ಹೊರಡಿಸಿದುವು. ನೆರೆಯಲ್ಲಿ ಹೀನ ನಾಣ್ಯ ಹರಿದಾಡುವಾಗ ಒಳ್ಳೆಯ ಚಿಲ್ಲರೆಯನ್ನು ಅಚ್ಚು ಹಾಕಿದರೆ ಅದು ಗಡಿ ದಾಟಿ ಮೂಸೆಯನ್ನು ಸೇರುವುದು ನಿಶ್ಚಯ. ಅರಸನ ಆಸೆಯೂ ನೆರೆಯವರ ಒತ್ತಡವೂ ಕೂಡಿಯೇ ಕೆಲಸ ಮಾಡಿದುವೆನ್ನಬೇಕು.

ಹೊರೆ ಮಾತ್ರ ಸಮನಾಗಿ ಹಂಚಿಹೋಗಲಿಲ್ಲ. ಡಾಲರನ್ನು ಕೂಡಿಟ್ಟವನಿಗೆ ಪ್ರತಿ ಕುಸಿತದಲ್ಲಿಯೂ ಹೆಚ್ಚು ಸ್ಕಿಲ್ಲಿಂಗ್ ದೊರೆಯುತ್ತಿದ್ದುವು. ದಿನಗೂಲಿಯನ್ನು ಸ್ಕಿಲ್ಲಿಂಗಿನಲ್ಲಿ ಎಣಿಸಿಕೊಳ್ಳುವವನಿಗೆ ಅದೇ ಸಂಖ್ಯೆಯಲ್ಲಿ ಕಡಮೆ ಬೆಳ್ಳಿ.

1644ರಲ್ಲಿ, ಸ್ವೀಡನ್ನಿನ ಹಠಾತ್ತಾದ ದಾಳಿಯ ತರುವಾಯ, ಇದೇ ಕ್ರಿಶ್ಚಿಯನನು ಹೀಬ್ರೂ ಲಿಪಿಯಲ್ಲಿ ದೇವರ ಹೆಸರನ್ನೂ 'ನ್ಯಾಯವಂತ ತೀರ್ಪುಗಾರ' ಎಂಬರ್ಥದ ಲ್ಯಾಟಿನ್ ಪದಗಳನ್ನೂ ಕೆತ್ತಿಸಿ ಯುದ್ಧದ ಹಣವನ್ನು ಹೊರಡಿಸಿದನು. ವೈರಿಯ ವಿರುದ್ಧ ದೇವರಿಗೆ ಸಲ್ಲಿಸಿದ ಈ ದೂರು ಬೆಳ್ಳಿ ತಗ್ಗಿಸಿದ ನಾಣ್ಯದ ಮೇಲೆಯೇ ಇತ್ತೆಂಬುದನ್ನು ಮರೆಯಲಾಗದು.

ಮುಂದೆ ಡಾಲರಿನ ಬೆಳ್ಳಿಯೂ ಹೆಸರೂ ಬದಲಾದುವು. 1813ರಲ್ಲಿ ರಾಜ್ಯವೇ ದಿವಾಳಿಯಾಯಿತು. ಆದರೂ 96ರ ವಿಭಾಗ ಉಳಿದೇ ಬಂದಿತು. 1875ರಲ್ಲಿ ಕ್ರೋನ ನಾಣ್ಯವು ಜಾರಿಗೆ ಬಂದಾಗ, 96 ಸ್ಕಿಲ್ಲಿಂಗುಗಳ ಒಂದು ರಿಗ್ಸ್‌ಡಾಲರಿಗೆ ಪ್ರತಿಯಾಗಿ ಎರಡು ಕ್ರೋನಗಳು, ಎಂದರೆ 200 ಓರೆಗಳು, ಸಂದುವು.