ಅಂಗಡಿ ಬ್ರ್ಯಾಂಡ್ ದಿನಸಿಯೋ, ಪ್ರಸಿದ್ಧ ಬ್ರ್ಯಾಂಡೋ? ರೋಗಿಗಳಿರುವ ಮನೆಗೆ ಒಂದು ಕೈಪಿಡಿ

ಮಧುಮೇಹ, ಅಧಿಕ ರಕ್ತದೊತ್ತಡ, ಹೃದ್ರೋಗ ಅಥವಾ ಕಿಡ್ನಿ ಕಾಯಿಲೆ ಇರುವ ಮನೆಯಲ್ಲಿ ಔಷಧ ಮತ್ತು ಪರೀಕ್ಷೆಗಳ ಖರ್ಚು ಪ್ರತಿ ತಿಂಗಳೂ ಇರುತ್ತದೆ. ಆ ಹೊರೆಯನ್ನು ದಿನಸಿಯಲ್ಲಾದರೂ ತಗ್ಗಿಸೋಣ ಎಂದು ಅಂಗಡಿಯವರ ಸ್ವಂತ ಬ್ರ್ಯಾಂಡ್ ಕೊಳ್ಳಲು ಹೋದಾಗ ಕಾಡುವ ಪ್ರಶ್ನೆ ಒಂದೇ: ಬೆಲೆ ಕಡಿಮೆ ಎಂದರೆ ಗುಣಮಟ್ಟವೂ ಕಡಿಮೆಯೇ? ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳನ್ನು ಗಮನದಲ್ಲಿಟ್ಟುಕೊಂಡು ಇಲ್ಲಿ ಉತ್ತರ ನೀಡಲಾಗಿದೆ.

ಅಂಗಡಿ ಬ್ರ್ಯಾಂಡ್ ಎಂದರೇನು?

ಸೂಪರ್ ಮಾರ್ಕೆಟ್ ಸಂಸ್ಥೆಯು ಬೇರೆ ತಯಾರಕರಿಂದ ಪದಾರ್ಥ ಮಾಡಿಸಿ ಅಥವಾ ಪ್ಯಾಕ್ ಮಾಡಿಸಿ ತನ್ನ ಹೆಸರಿನಲ್ಲಿ ಮಾರುವುದೇ ಅಂಗಡಿ ಬ್ರ್ಯಾಂಡ್. ಡಿಮಾರ್ಟ್‌ನ ‘ಪ್ರೀಮಿಯಾ’ ಇದಕ್ಕೆ ಉದಾಹರಣೆ. ರಿಲಯನ್ಸ್ ಸಮೂಹ ತನ್ನ ‘ಇಂಡಿಪೆಂಡೆನ್ಸ್’ ದಿನಸಿ ಬ್ರ್ಯಾಂಡನ್ನು 2022ರ ಡಿಸೆಂಬರ್‌ನಲ್ಲಿ ಮೊದಲು ಆರಂಭಿಸಿದ್ದು ಗುಜರಾತಿನಲ್ಲೇ. ಇವುಗಳ ಪಕ್ಕದಲ್ಲಿ ಆನಂದ್‌ನ ಅಮೂಲ್, ಅಹಮದಾಬಾದಿನ ಫಾರ್ಚೂನ್ ಎಣ್ಣೆ, ವಾಘ್ ಬಕ್ರಿ ಚಹಾದಂತಹ ಹೆಸರಾಂತ ಬ್ರ್ಯಾಂಡ್‌ಗಳಿವೆ.

ಎರಡಕ್ಕೂ ಕಾನೂನು ಒಂದೇ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮಗಳು ಯಾರಿಗೂ ವಿನಾಯಿತಿ ನೀಡುವುದಿಲ್ಲ. ಜಾಹೀರಾತಿನ ಖರ್ಚು ಕಡಿಮೆ ಇರುವುದು, ಮಧ್ಯವರ್ತಿಗಳಿಲ್ಲದಿರುವುದು ಬೆಲೆ ಇಳಿಯಲು ಮುಖ್ಯ ಕಾರಣಗಳು. ಆದರೆ ಪದಾರ್ಥಗಳ ಪ್ರಮಾಣ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆಯಾಗಬಹುದು. ರೋಗಿಗೆ ಮುಖ್ಯವಾದ ವ್ಯತ್ಯಾಸ ಅದೇ.

ಯಾವುದರಲ್ಲಿ ಧೈರ್ಯವಾಗಿ ಉಳಿಸಬಹುದು?

ಒಂದೇ ಪದಾರ್ಥವಿರುವ ದಿನಸಿಯಲ್ಲಿ ಬ್ರ್ಯಾಂಡಿನ ಮಹತ್ವ ಕಡಿಮೆ.

• ಅಕ್ಕಿ, ಬೇಳೆ, ಕಾಳು, ಸಕ್ಕರೆ, ರವೆ, ಅವಲಕ್ಕಿ: ಪ್ಯಾಕ್ ಮಾಡಿದ ದಿನಾಂಕ, ಹುಳು ಅಥವಾ ಮುಗ್ಗಲು ಇಲ್ಲದಿರುವುದು, ತೂಕ ಇವುಗಳನ್ನು ನೋಡಿದರೆ ಸಾಕು. ಗುಜರಾತಿನಲ್ಲಿ ಎಣ್ಣೆ ಸವರಿದ ತೊಗರಿಬೇಳೆಯೂ ಸಿಗುತ್ತದೆ. ಕೊಂಡರೆ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಬೇಯಿಸಿ.

• ಸಾಧಾರಣ ಅಯೋಡಿನ್ ಉಪ್ಪು: ದೇಶದ ಉಪ್ಪಿನ ಬಹುಪಾಲು ತಯಾರಾಗುವುದು ಗುಜರಾತಿನಲ್ಲೇ. ಯಾವ ಬ್ರ್ಯಾಂಡ್ ಆದರೂ ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸೈಂಧವ ಲವಣವೂ ಇದಕ್ಕೆ ಹೊರತಲ್ಲ.

• ಹಾಲು: ಕೊಬ್ಬಿನ ಮಟ್ಟವನ್ನು ನಿರ್ಧರಿಸುವುದು ಹಾಲಿನ ಬಗೆ. ಫುಲ್ ಕ್ರೀಮ್‌ನಲ್ಲಿ ಕನಿಷ್ಠ ಶೇ. 6, ಟೋನ್ಡ್‌ನಲ್ಲಿ ಶೇ. 3, ಡಬಲ್ ಟೋನ್ಡ್‌ನಲ್ಲಿ ಶೇ. 1.5 ಕೊಬ್ಬು ಇರುತ್ತದೆ. ಹೃದ್ರೋಗಿಗಳು ಬ್ರ್ಯಾಂಡಿಗಿಂತ ಈ ಪದವನ್ನು ಓದಬೇಕು.

ಯಾವುದರಲ್ಲಿ ಲೇಬಲ್ ಓದದೆ ಬದಲಿಸಬಾರದು?

ಕಡಿಮೆ ಸೋಡಿಯಂ ಉಪ್ಪು: ಇದರಲ್ಲಿ ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂತಹ ಉಪ್ಪನ್ನು ವಯಸ್ಕರಿಗೆ ಸಲಹೆ ಮಾಡಿತಾದರೂ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಮಕ್ಕಳನ್ನು ಅದರಿಂದ ಹೊರಗಿಟ್ಟಿದೆ. ಕಿಡ್ನಿ ಕಾಯಿಲೆ ಇದ್ದರೆ ಅಥವಾ ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್, ಸ್ಪೈರೋನೊಲ್ಯಾಕ್ಟೋನ್‌ನಂತಹ ಮಾತ್ರೆ ಸೇವಿಸುತ್ತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಏರುಪೇರಾಗಬಹುದು. ವೈದ್ಯರನ್ನು ಕೇಳದೆ ಇದನ್ನು ಬಳಸಬೇಡಿ.

ಇಂಗು: ಅಡುಗೆಗೆ ಸಿಗುವ ಇಂಗು ಸಾಮಾನ್ಯವಾಗಿ ಶುದ್ಧ ಇಂಗಲ್ಲ. ಹಿಟ್ಟು ಅಥವಾ ಅಂಟು ಬೆರೆಸಿದ ಪುಡಿ. ಕೆಲವು ಬ್ರ್ಯಾಂಡ್‌ಗಳಲ್ಲಿ ಗೋಧಿ ಹಿಟ್ಟು, ಕೆಲವದರಲ್ಲಿ ಅಕ್ಕಿ ಹಿಟ್ಟು ಇರುತ್ತದೆ. ಸೀಲಿಯಾಕ್ ಕಾಯಿಲೆ ಇರುವವರಿಗೆ ಬ್ರ್ಯಾಂಡ್ ಬದಲಾದರೆ ಒಗ್ಗರಣೆಯಿಂದಲೇ ತೊಂದರೆ ಶುರುವಾಗಬಹುದು. ‘ಗ್ಲುಟೆನ್ ಫ್ರೀ’ ಎಂದು ಬರೆದಿರುವುದನ್ನೇ ಕೊಳ್ಳಿ.

ಖಾಖರಾ, ಹಪ್ಪಳ, ಫರ್ಸಾಣ್, ಉಪ್ಪಿನಕಾಯಿ: ಹಪ್ಪಳದಲ್ಲಿ ಉಪ್ಪಿನ ಜೊತೆಗೆ ಹಪ್ಪಳಖಾರದ ಸೋಡಿಯಂ ಕೂಡ ಸೇರುತ್ತದೆ. 100 ಗ್ರಾಂಗೆ ಎಷ್ಟು ಸೋಡಿಯಂ ಎಂದು ನೋಡಿ ಎರಡು ಬ್ರ್ಯಾಂಡ್‌ಗಳನ್ನು ಹೋಲಿಸಿ. ಉದಾಹರಣೆಗೆ, 100 ಗ್ರಾಂ ಖಾಖರಾದಲ್ಲಿ 600 ಮಿಲಿಗ್ರಾಂ ಇದ್ದು ನೀವು 50 ಗ್ರಾಂ ತಿಂದರೆ 300 ಮಿಲಿಗ್ರಾಂ ಆಯಿತು. ದಿನದ ಮಿತಿಯಾದ 2000 ಮಿಲಿಗ್ರಾಂನಲ್ಲಿ ಇದು ಶೇ. 15.

ಅಡುಗೆ ಎಣ್ಣೆ: ಗುಜರಾತಿನಲ್ಲಿ ಕಡಲೆಕಾಯಿ ಎಣ್ಣೆ ‘ಸಿಂಗ್‌ತೇಲ್’, ಹತ್ತಿಬೀಜದ ಎಣ್ಣೆ ‘ಕಪಾಸಿಯಾ ತೇಲ್’. ಮಿಶ್ರ ಎಣ್ಣೆಯಾದರೆ ಯಾವ ಎಣ್ಣೆ ಶೇಕಡಾ ಎಷ್ಟು ಎಂದು ಪ್ಯಾಕಿನ ಮೇಲೆ ಬರೆದಿರಬೇಕು. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ ಅಲರ್ಜಿ ಇದ್ದರೆ ಇದನ್ನು ಪ್ರತಿ ಬಾರಿಯೂ ಓದಿ.

ಬಿಸ್ಕತ್ತು, ಮಲ್ಟಿಗ್ರೇನ್ ಹಿಟ್ಟು: ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಮೊದಲ ಮೂರರಲ್ಲಿ ಮೈದಾ ಅಥವಾ ಸಕ್ಕರೆ ಇದ್ದರೆ, ಮುಂಭಾಗದಲ್ಲಿ ರಾಗಿ–ಓಟ್ಸ್ ಚಿತ್ರವಿದ್ದರೂ ಮಧುಮೇಹಿಗೆ ಅದು ಹೇಳಿಸಿದ ತಿನಿಸಲ್ಲ. ‘ಸಕ್ಕರೆ ಸೇರಿಸಿಲ್ಲ’ ಎಂದಿದ್ದರೂ ಕಾರ್ಬೋಹೈಡ್ರೇಟ್ ಇದ್ದೇ ಇರುತ್ತದೆ.

ಶಿಶು ಆಹಾರ, ರೋಗಿಗಳ ವಿಶೇಷ ಪೌಷ್ಟಿಕ ಪುಡಿ: ಬೆಲೆ ನೋಡಿ ಇವುಗಳನ್ನು ಬದಲಿಸಬೇಡಿ. ವೈದ್ಯರು ಅಥವಾ ಆಹಾರತಜ್ಞರು ಹೇಳಿದ್ದನ್ನೇ ಮುಂದುವರಿಸಿ.

ಭಾಷೆಯಿಂದಾಗುವ ಗೊಂದಲ

ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು. ಆದರೆ ಅಂಗಡಿಯ ಫಲಕ, ಬಿಡಿ ಸಾಮಾನಿನ ಚೀಟಿ ಗುಜರಾತಿಯಲ್ಲಿರಬಹುದು. ಗುಜರಾತಿಯಲ್ಲಿ ‘ಮೀಠುಂ’ ಎಂದರೆ ಉಪ್ಪು. ಹಿಂದಿಯ ‘ಮೀಠಾ’ ಎಂದುಕೊಂಡು ಸಿಹಿ ಎಂದು ತಿಳಿಯಬೇಡಿ. ‘ಖಾಂಡ್’ ಎಂದರೆ ಸಕ್ಕರೆ, ‘ಗೋಳ್’ ಎಂದರೆ ಬೆಲ್ಲ, ‘ಘಉಂ’ ಎಂದರೆ ಗೋಧಿ. ಮನೆಗೆಲಸದವರು ಅಥವಾ ಹಿರಿಯರು ಸಾಮಾನು ತರುವುದಾದರೆ ಈ ನಾಲ್ಕು ಪದಗಳನ್ನು ಬರೆದುಕೊಡಿ.

ಕೊಳ್ಳುವ ಮುನ್ನ ಐದು ಹೆಜ್ಜೆ

1. 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಮತ್ತು ತಯಾರಕರ ವಿಳಾಸ ಇದೆಯೇ ನೋಡಿ.
2. ಬಳಕೆಯ ಕೊನೆಯ ದಿನಾಂಕ ಓದಿ. ರಿಯಾಯಿತಿ ರಾಶಿಯಲ್ಲಿರುವುದನ್ನು ಇನ್ನೂ ಎಚ್ಚರದಿಂದ ನೋಡಿ.
3. ನಿಮ್ಮ ಕಾಯಿಲೆಗೆ ಸಂಬಂಧಿಸಿದ ಒಂದು ಸಾಲನ್ನು ಹುಡುಕಿ: ಬಿಪಿಗೆ ಸೋಡಿಯಂ, ಮಧುಮೇಹಕ್ಕೆ ಕಾರ್ಬೋಹೈಡ್ರೇಟ್ ಮತ್ತು ಸಕ್ಕರೆ, ಹೃದಯಕ್ಕೆ ಸ್ಯಾಚುರೇಟೆಡ್ ಕೊಬ್ಬು.
4. ಪ್ಯಾಕಿನ ಬೆಲೆಯನ್ನಲ್ಲ, ಗ್ರಾಂ ಅಥವಾ ಕಿಲೋ ಲೆಕ್ಕದ ಬೆಲೆಯನ್ನು ಹೋಲಿಸಿ.
5. ಮೊದಲ ಬಾರಿಗೆ ಚಿಕ್ಕ ಪ್ಯಾಕ್ ಕೊಳ್ಳಿ. ಒಮ್ಮೆಗೆ ಒಂದೇ ಪದಾರ್ಥ ಬದಲಿಸಿ. ಆಗ ಏನಾದರೂ ಒಗ್ಗದಿದ್ದರೆ ಕಾರಣ ಸುಲಭವಾಗಿ ತಿಳಿಯುತ್ತದೆ.

ಎಣ್ಣೆ, ಹಾಲು, ಗೋಧಿ ಹಿಟ್ಟಿನ ಮೇಲೆ ‘ಪ್ಲಸ್ ಎಫ್’ ಚಿಹ್ನೆ ಇದ್ದರೆ ಅದಕ್ಕೆ ವಿಟಮಿನ್ ಅಥವಾ ಖನಿಜ ಸೇರಿಸಲಾಗಿದೆ ಎಂದರ್ಥ. ಅಂಗಡಿ ಬ್ರ್ಯಾಂಡ್‌ನಲ್ಲೂ ಇದು ಸಿಗುತ್ತದೆ.

ದೂರು ಎಲ್ಲಿ ನೀಡಬೇಕು?

ಪದಾರ್ಥ ಕೆಟ್ಟಿದ್ದರೆ ಅಥವಾ ಲೇಬಲ್ ಸುಳ್ಳು ಎನಿಸಿದರೆ ಪ್ಯಾಕ್ ಮತ್ತು ಬಿಲ್ ಎಸೆಯಬೇಡಿ. ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್ ಮೂಲಕ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ನೀಡಬಹುದು. ತಿಂದ ಮೇಲೆ ಮುಖ ಊದುವುದು, ಉಸಿರು ಕಟ್ಟುವುದು, ನಿಲ್ಲದ ವಾಂತಿ ಕಂಡುಬಂದರೆ ಮೊದಲು ಆಸ್ಪತ್ರೆಗೆ ಹೋಗಿ. ಗುಜರಾತಿನಲ್ಲಿ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ದೂರು ಆಮೇಲೆ.

ನೆನಪಿಡಿ: ಬೇಳೆ, ಅಕ್ಕಿಯಲ್ಲಿ ಉಳಿದ ಹಣ ಹಣ್ಣು–ತರಕಾರಿಗೆ ಹೋದರೆ ರೋಗಿಗೆ ನಿಜವಾದ ಲಾಭ. ಅದೇ ಹಣದಲ್ಲಿ ಇನ್ನೊಂದು ಪ್ಯಾಕ್ ಫರ್ಸಾಣ್ ಬಂದರೆ ಉಳಿತಾಯವೂ ಇಲ್ಲ, ಪಥ್ಯವೂ ಇಲ್ಲ.

ಈ ಮಾಹಿತಿ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಆಹಾರದಲ್ಲಿ ಬದಲಾವಣೆ ಮಾಡುವ ಮುನ್ನ ನಿಮ್ಮ ವೈದ್ಯರನ್ನು ಸಂಪರ್ಕಿಸಿ.