ಕಣ್ಣಿಗೆ ಗಾಜು ಬಂತು, ಕಿವಿ ಕಾಯುತ್ತಲೇ ಉಳಿಯಿತು

1955ರ ಮೇ 1ರ ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ಇಟಲಿಯ ಬ್ರೆಷಿಯಾ ಪಟ್ಟಣದಿಂದ ಬೆಳ್ಳಿ ಬಣ್ಣದ ಮರ್ಸಿಡಿಸ್ ಕಾರೊಂದು ಹೊರಟಿತು. ಹೊರಟ ಸಮಯವೇ ಅದರ ಸಂಖ್ಯೆ: 722. ಕಾರಿಗೆ ಮೇಲು ಹೊದಿಕೆ ಇರಲಿಲ್ಲ. ಚಾಲಕ ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್. ದಾರಿ ತೋರಿಸುವವರು ಪತ್ರಕರ್ತ ಡೆನಿಸ್ ಜೆಂಕಿನ್‌ಸನ್. ರೋಮ್ ನಗರಕ್ಕೆ ಹೋಗಿ ಬ್ರೆಷಿಯಾಕ್ಕೇ ಮರಳುವ, ಸುಮಾರು 1600 ಕಿ.ಮೀ. ದೂರದ ‘ಮಿಲ್ಲೆ ಮಿಲಿಯಾ’ ಪಂದ್ಯ ಅದು. ಇಬ್ಬರೂ 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಅದನ್ನು ಮುಗಿಸಿ ಗೆದ್ದರು. ಗಂಟೆಗೆ 157 ಕಿ.ಮೀ.ಗೂ ಹೆಚ್ಚಿನ ಆ ಸರಾಸರಿ ವೇಗವನ್ನು ಆ ಪಂದ್ಯದಲ್ಲಿ ಮತ್ತಾರೂ ಮೀರಲಿಲ್ಲ.

ದಾರಿಯ ತಿರುವುಗಳನ್ನೆಲ್ಲ ಜೆಂಕಿನ್‌ಸನ್ 18 ಅಡಿ ಉದ್ದದ ಕಾಗದದ ಸುರುಳಿಯಲ್ಲಿ ಬರೆದುಕೊಂಡಿದ್ದರು. ಆದರೆ ಅದನ್ನು ಓದಿ ಹೇಳುವಂತಿರಲಿಲ್ಲ. ಎಂಜಿನ್ನು ಮತ್ತು ಗಾಳಿಯ ಅಬ್ಬರದಲ್ಲಿ ಪಕ್ಕದವರ ಮಾತು ಕೇಳಿಸುತ್ತಲೇ ಇರಲಿಲ್ಲ. ಅದಕ್ಕಾಗಿ ಸುಮಾರು ಹದಿನೈದು ಕೈಸನ್ನೆಗಳನ್ನು ರೂಢಿ ಮಾಡಿಕೊಂಡಿದ್ದರು. ದಾರಿಯಲ್ಲಿ ಜೆಂಕಿನ್‌ಸನ್‌ರಿಗೆ ವಾಂತಿಯಾಯಿತು. ಹೊರಗೆ ಬಾಗಿದಾಗ ಅವರ ಕನ್ನಡಕವನ್ನು ಗಾಳಿ ಎತ್ತಿಕೊಂಡು ಹೋಯಿತು. ಪುಣ್ಯಕ್ಕೆ ಅವರ ಬಳಿ ಇನ್ನೊಂದು ಕನ್ನಡಕವಿತ್ತು. ಕನ್ನಡಕ ಹೋದರೆ ಇನ್ನೊಂದು ತರಬಹುದು, ಕಿವಿ ಹೋದರೆ? ತೆರೆದ ಕಾರಿನ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಬಹಳ ಕಾಲ ಕಡಿಮೆಯೇ.

ಮೊದಲ ಮೋಟಾರು ಕಾರುಗಳೆಲ್ಲ ತೆರೆದ ಗಾಡಿಗಳೇ. ಮುಂದೆ ಗಾಜೂ ಇರಲಿಲ್ಲ. 1888ರಲ್ಲಿ ಬೆರ್ಥಾ ಬೆಂಜ್ ತಮ್ಮ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿ.ಮೀ.ಗೂ ಹೆಚ್ಚು ದೂರ ಹೋದದ್ದು ಇಂಥ ಗಾಡಿಯಲ್ಲೇ. ಆಗಿನ ವೇಗಕ್ಕೆ ಅದು ತೊಂದರೆ ಎನಿಸಲಿಲ್ಲ. ವೇಗ ಹೆಚ್ಚಿದಂತೆ ಮೊದಲು ಕಾಡಿದ್ದು ಧೂಳು. 1903ರ ಮೇ ತಿಂಗಳಲ್ಲಿ ನಡೆದ ಪ್ಯಾರಿಸ್–ಮ್ಯಾಡ್ರಿಡ್ ಪಂದ್ಯ ಇದಕ್ಕೆ ಘೋರ ಸಾಕ್ಷಿ. ಡಾಂಬರು ಕಾಣದ ಒಣ ರಸ್ತೆ, ಇನ್ನೂರಕ್ಕೂ ಹೆಚ್ಚು ವಾಹನಗಳು. ಮುಂದಿನ ಕಾರು ಎಬ್ಬಿಸಿದ ಧೂಳಿನ ಮೋಡದೊಳಗೆ ಹಿಂದಿನವನು ಕುರುಡನಂತೆ ನುಗ್ಗಬೇಕಿತ್ತು. ರೆನೋ ಕಾರಿನ ಸಂಸ್ಥಾಪಕರಲ್ಲಿ ಒಬ್ಬರಾದ ಮಾರ್ಸೆಲ್ ರೆನೋ ಹೀಗೆಯೇ ಧೂಳಿನಲ್ಲಿ ಇನ್ನೊಂದು ಕಾರನ್ನು ಹಿಂದಿಕ್ಕಲು ಹೋಗಿ ಅಪಘಾತಕ್ಕೀಡಾಗಿ ಮಡಿದರು. ನೋಡಲು ಬಂದ ಜನರೂ ಸತ್ತರು. ಫ್ರೆಂಚ್ ಸರ್ಕಾರ ಪಂದ್ಯವನ್ನು ಬೋರ್ಡೋ ನಗರದಲ್ಲೇ ನಿಲ್ಲಿಸಿತು.

ಚರ್ಮದ ಅಂಚಿನ ದೊಡ್ಡ ಕನ್ನಡಕ, ಅಂದರೆ ಗಾಗಲ್ಸ್, ಆಗಲೇ ಮೋಟಾರು ಸವಾರರ ಗುರುತಾಗಿತ್ತು. ಕಾರಿನ ಮುಂದೆಯೂ ಗಾಜು ಬರತೊಡಗಿತು. ಆದರೆ ಸಾಧಾರಣ ಗಾಜು ಒಡೆದರೆ ಅದೇ ಮುಖವನ್ನು ಸೀಳುತ್ತಿತ್ತು. ಪರಿಹಾರ ದೊರಕಿದ್ದು ಫ್ರಾನ್ಸಿನ ಎದುವಾರ್ ಬೆನೆದಿಕ್ತಸ್ ಎಂಬ ಕಲಾವಿದ-ರಸಾಯನಜ್ಞನಿಗೆ. ಕೈಜಾರಿ ಬಿದ್ದ ಗಾಜಿನ ಪಾತ್ರೆಯೊಂದು ಬಿರುಕು ಬಿಟ್ಟರೂ ಚೂರಾಗಲಿಲ್ಲವಂತೆ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪದರ ಚೂರುಗಳನ್ನು ಹಿಡಿದಿಟ್ಟಿತ್ತು ಎಂದು ಕಥೆ ಹೇಳುತ್ತಾರೆ. ಎರಡು ಗಾಜುಗಳ ನಡುವೆ ಅಂಥ ಪದರವನ್ನಿಟ್ಟ ಸುರಕ್ಷಾ ಗಾಜಿಗೆ ಆತ 1909ರಲ್ಲಿ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ಈ ಬಗೆಯ ಗಾಜು ವಿಷಾನಿಲ ತಡೆಯುವ ಮುಖವಾಡಗಳ ಕಣ್ಣಿಗೆ ಬಂತು. ಕಾರುಗಳಲ್ಲಿ ಅದು ವ್ಯಾಪಕವಾದದ್ದು 1920ರ ದಶಕದ ಕೊನೆಯಲ್ಲಿ.

ಪಂದ್ಯದ ಕಾರುಗಳಲ್ಲಿ ಮಾತ್ರ ಚಾಲಕನ ಮುಖ ಗಾಳಿಗೆ ಒಡ್ಡಿಯೇ ಇರುತ್ತಿತ್ತು. 1960ರಲ್ಲಿ ಬೆಲ್ಜಿಯಂ ಗ್ರಾಂಡ್ ಪ್ರಿಯಲ್ಲಿ ಹಕ್ಕಿಯೊಂದು ಮುಖಕ್ಕೆ ಬಡಿದು ಅಲನ್ ಸ್ಟೇಸಿ ಎಂಬ ಚಾಲಕ ಪ್ರಾಣ ಬಿಟ್ಟ. 1968ರಲ್ಲಿ ಅಮೆರಿಕದ ಡ್ಯಾನ್ ಗರ್ನಿ ಇಡೀ ಮುಖ ಮುಚ್ಚುವ ಹೆಲ್ಮೆಟ್ ಧರಿಸಿ ಗ್ರಾಂಡ್ ಪ್ರಿ ಕಣಕ್ಕಿಳಿದರು. ಅದೂ ಸಾಲಲಿಲ್ಲ. 1972ರ ಫ್ರೆಂಚ್ ಗ್ರಾಂಡ್ ಪ್ರಿಯಲ್ಲಿ ಮುಂದಿನ ಕಾರಿನ ಚಕ್ರದಿಂದ ಸಿಡಿದ ಕಲ್ಲು ಹೆಲ್ಮೆಟ್ಟಿನ ಪಾರದರ್ಶಕ ಪರದೆಯನ್ನು ತೂರಿ ಆಸ್ಟ್ರಿಯದ ಹೆಲ್ಮುಟ್ ಮಾರ್ಕೊ ಅವರ ಎಡಗಣ್ಣನ್ನು ಕಳೆಯಿತು. ಚಾಲಕರಾಗಿ ಅವರ ಬದುಕು ಅಲ್ಲಿಗೇ ಮುಗಿಯಿತು. ಪ್ರತಿ ದುರಂತದ ನಂತರವೂ ಕಣ್ಣಿನ ರಕ್ಷಣೆ ಒಂದು ಹೆಜ್ಜೆ ಮುಂದೆ ಹೋಯಿತು. ಕಣ್ಣಿನ ಗಾಯ ಎಲ್ಲರಿಗೂ ಕಾಣುತ್ತದಲ್ಲ!

ಕಿವಿಯ ಕಥೆ ಬೇರೆ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥ 1907ರಲ್ಲಿ ಆರಂಭವಾದ ಕೂಡಲೇ ಸುತ್ತಲಿನ ನಿವಾಸಿಗಳು ಸದ್ದಿನ ಬಗ್ಗೆ ದೂರಿದರು. 1920ರ ದಶಕದಲ್ಲಿ ಅಲ್ಲಿನ ಕಾರುಗಳಿಗೆ ದೊಡ್ಡ ಸೈಲೆನ್ಸರ್ ಕಡ್ಡಾಯವಾಯಿತು. ಅಂದರೆ ಕಾಪಾಡಿದ್ದು ನೆರೆಹೊರೆಯವರ ಕಿವಿಯನ್ನು, ಚಾಲಕನ ಕಿವಿಯನ್ನಲ್ಲ. ಸೈಲೆನ್ಸರ್ ಎಂಜಿನ್ನಿನ ಬಾಯಿ ಮುಚ್ಚಿಸಬಹುದು, ಗಾಳಿಯದನ್ನಲ್ಲ. ವಿಚಿತ್ರವೆಂದರೆ ಅದೇ 1907ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ನೆಗ್ವರ್ ಎಂಬ ಔಷಧ ವ್ಯಾಪಾರಿ ಮೇಣ ಮತ್ತು ಹತ್ತಿ ಬೆರೆಸಿ ಕಿವಿಗಿಡುವ ಬೆಣೆ ತಯಾರಿಸಿದ್ದ. ಗ್ರೀಕ್ ಪುರಾಣದ ನಾವಿಕರು ಮಾಯಾಗಾನ ಕೇಳಿಸದಿರಲೆಂದು ಕಿವಿಗೆ ಮೇಣ ತುಂಬಿಕೊಂಡ ಕಥೆಯೇ ಅವನಿಗೆ ಸ್ಫೂರ್ತಿ.

ತೆರೆದ ಕಾರಿನಲ್ಲಿ ಮುಂದಿನ ಗಾಜಿನ ಅಂಚನ್ನು ದಾಟಿದ ಗಾಳಿ ಸುಳಿಸುಳಿಯಾಗಿ ಒಡೆದು ಕಿವಿಯ ಬಳಿ ಬಡಿಯುತ್ತದೆ. ಬ್ರಿಟಿಷ್ ವೈದ್ಯರು ಹಲವು ತೆರೆದ ಕಾರುಗಳಲ್ಲಿ ಇದನ್ನು ಅಳೆದು 2009ರಲ್ಲಿ ವರದಿ ಮಾಡಿದರು. ಗಂಟೆಗೆ 80ರಿಂದ 112 ಕಿ.ಮೀ. ವೇಗದಲ್ಲಿ ಸದ್ದು 88ರಿಂದ 90 ಡೆಸಿಬಲ್ ಮುಟ್ಟುತ್ತಿತ್ತು. ಪಕ್ಕದ ಕಿಟಕಿ ಗಾಜುಗಳನ್ನು ಏರಿಸಿದರೆ ಅದು ಇಳಿಯುತ್ತಿತ್ತು. ಕಾರ್ಖಾನೆಗಳ ಕೆಲಸಗಾರರಿಗಾಗಿ ಅಮೆರಿಕದ ತಜ್ಞರು ಹಾಕಿಕೊಟ್ಟ ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಅದರಿಂದಾಚೆ ಪ್ರತಿ 3 ಡೆಸಿಬಲ್ ಏರಿಕೆಗೂ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಂದೊಂದು ಕಿವಿಯಲ್ಲಿ ಹದಿನೈದು ಸಾವಿರದಷ್ಟಿವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ನೋವಿಲ್ಲ, ರಕ್ತವಿಲ್ಲ. ಹತ್ತಿಪ್ಪತ್ತು ವರ್ಷಗಳ ಮೇಲೆ ಮನೆಯವರು ಪಿಸುಗುಟ್ಟಿದ್ದು ಕೇಳಿಸದಿದ್ದಾಗಲೇ ನಷ್ಟ ತಿಳಿಯುವುದು.

ತೆರೆದ ಸ್ಪೋರ್ಟ್ಸ್ ಕಾರು ನಮ್ಮ ರಸ್ತೆಗಳಲ್ಲಿ ಅಪರೂಪ, ಅದರ ಚಿಂತೆ ನಮಗೇಕೆ ಎನ್ನಬಹುದು. ಆದರೆ ಹೆದ್ದಾರಿಯಲ್ಲಿ ಓಡುವ ಬೈಕಿನ ಸವಾರನಿಗೂ ಇದೇ ಗಾಳಿ. ಹೆಲ್ಮೆಟ್ಟಿನ ಒಳಗೂ ಅದರ ಅಬ್ಬರ ತಪ್ಪುವುದಿಲ್ಲ. ಕಣ್ಣಿಗೆ ಧೂಳು ಬಿದ್ದರೆ ಗಾಡಿ ನಿಲ್ಲಿಸಿ ಒರೆಸಿಕೊಳ್ಳುತ್ತೇವೆ. ಇಳಿದ ಮೇಲೂ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ನಕ್ಕು ಸುಮ್ಮನಾಗುತ್ತೇವೆ. ಅದು ಕಿವಿ ಕೊಡುವ ದೂರು. ಸ್ವಲ್ಪ ವೇಗ ತಗ್ಗಿಸುವುದು, ನಡುನಡುವೆ ನಿಲ್ಲುವುದು, ದೂರದ ಪಯಣದಲ್ಲಿ ಸದ್ದು ತಗ್ಗಿಸುವ ಸಣ್ಣ ಬೆಣೆಯನ್ನು ಕಿವಿಗಿಡುವುದು, ಇವು ದುಬಾರಿ ಉಪಾಯಗಳೇನಲ್ಲ. ಮೇಣದ ಬೆಣೆ ಬಂದು ನೂರು ವರ್ಷ ದಾಟಿದೆ. ಇಷ್ಟು ದಿನ ಕಾದ ಕಿವಿಯ ಮಾತಿಗೆ ಈಗಲಾದರೂ ಕಿವಿಗೊಡೋಣ.